ಮೊದಲ ಬಿಂದಿಗೆಯ ನೀರು

ಭವ್ಯಶ್ರೀ ತಾಮ್ರದ ತಂಬಿಗೆಯನ್ನು ಲೋಟಕ್ಕೆ ಬಗ್ಗಿಸಿದಳು. ಯಾರೂ ತಡೆಯುವ ಮೊದಲೇ ಅದರಲ್ಲಿದ್ದ ಪಂಚಾಮೃತವನ್ನು ಗಟಗಟನೆ ಕುಡಿದೇಬಿಟ್ಟಳು.

“ಅಯ್ಯೋ, ದಾನೆ ಮಲ್ತ ಮಗಾ!” ಎಂದು ವಸಂತಿ ಚೀರಿದರು. ಏನು ಮಾಡಿಬಿಟ್ಟೆ ಎಂದು ಕೇಳಲೂ ಗಾಬರಿಯಾದಾಗ ಅವರ ಬಾಯಿಗೆ ತುಳುವೇ ಮೊದಲು ಬರುತ್ತಿತ್ತು.

ಸೋಫಾದಲ್ಲಿ ಕುಳಿತಿದ್ದ ದ್ವಾರಕನಾಥರು ಕಣ್ಣು ಮುಚ್ಚಿ “ನಾರಾಯಣ, ನಾರಾಯಣ” ಎಂದರು. ವಸಂತಿಯ ಮಗ ತಿಲಕ್ ಮಾತ್ರ ಬಾಗಿಲ ಬಳಿ ಕುಳಿತು ಶೂ ಲೇಸು ಕಟ್ಟುತ್ತಿದ್ದವನು ಒಮ್ಮೆ ತಲೆ ಎತ್ತಿ ನೋಡಿದ. ಮತ್ತೆ ಲೇಸಿಗೆ ಕೈ ಹಾಕಿದ.

ಭವ್ಯಶ್ರೀ ಬಾಯಿ ಒರೆಸಿಕೊಂಡಳು. “ಸಕ್ಕರೆ ಸ್ವಲ್ಪ ಹೆಚ್ಚಾಗಿದೆ ಅಕ್ಕ. ಬೇರೆ ಎಂತದ್ದೂ ದೋಷ ಇಲ್ಲ.”

ಕಳೆದ ಭಾನುವಾರ ಇದೇ ಕಟ್ಟಡದ ಕೆಳಗಿನ ಪುಟ್ಟ ಹಾಲ್‌ನಲ್ಲಿ ಸತ್ಯನಾರಾಯಣ ಪೂಜೆಗೆ ಬಂದು ತೀರ್ಥಪ್ರಸಾದ ತೆಗೆದುಕೊಂಡವರೆಲ್ಲ ವಾಂತಿ ಮಾಡಿಕೊಂಡು ನೆಲ ಹಿಡಿದಿದ್ದರು. ಲ್ಯಾಬಿನವರು ಅದರಲ್ಲಿ ತಾಮ್ರ ಸಿಕ್ಕಿದೆ ಎಂದಿದ್ದರು. ಪಂಚಾಮೃತ ಕಲಸಿದ್ದು ವಸಂತಿ. ಬೆಳ್ಳಿ ಬಟ್ಟಲು ಸಿಗದೆ, ಊರಿಂದ ತಂದ ತಾಮ್ರದ ತಂಬಿಗೆಯಲ್ಲಿ.

ಅಷ್ಟು ಸಾಕಾಯಿತು. ತಾಮ್ರಕ್ಕೆ ಮೊಸರು ತಾಗಿಸಬಾರದು ಎಂಬುದನ್ನು ಉಡುಪಿ ಕಡೆಯ ಹೆಣ್ಣುಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ದುಬೈನ ಅಲ್ ಕುಸೈಸ್‌ನಲ್ಲೂ ಕಡಿಮೆಯಿಲ್ಲ. ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪುಗಳೆಲ್ಲ ಸೇರಿ ತೀರ್ಪು ಕೊಟ್ಟಾಗಿತ್ತು. ನೆರೆಹೊರೆಯವರಿಗೆ ಊಟ ಕಟ್ಟಿಕೊಡುತ್ತಿದ್ದ ವಸಂತಿಯ ಅಡುಗೆಮನೆಗೆ ಈಗ ಯಾರೂ ಫೋನ್ ಮಾಡುತ್ತಿರಲಿಲ್ಲ. ನಾಳೆ ಬೆಳಗ್ಗೆ ಅವರು ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆಗೆ ಸಹಿ ಹಾಕಬೇಕಿತ್ತು. ತಪ್ಪು ನನ್ನದೇ ಎಂದು ಬರೆದುಕೊಡಲು ಅವರು ತಯಾರಾಗಿ ಕುಳಿತಿದ್ದರು, ಏಕೆಂದರೆ ತಪ್ಪು ತನ್ನದೇ ಎಂದು ಅವರೇ ನಂಬಿದ್ದರು.

ಭವ್ಯಶ್ರೀಗೆ ಸಿಟ್ಟು ಬಂದದ್ದು ಅದಕ್ಕೇ. ಹಾಲ್‌ಗೆ ವಿಮೆ ಕೊಟ್ಟ ಕಂಪನಿಯ ತನಿಖೆಯವಳು ಅವಳು, ಕಾರ್ಕಳದ ಹುಡುಗಿ. ಸುಳ್ಳು ಹೇಳುವವರನ್ನು ದಿನವೂ ನೋಡಿ ಅಭ್ಯಾಸವಾಗಿತ್ತು. ಮಾಡದ ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ.

“ಇದು ನಿಮ್ಮ ಜೋಡಿ ತಂಬಿಗೆಯ ಇನ್ನೊಂದು. ಪೊಲೀಸರು ಕೊಂಡುಹೋದದ್ದರ ತಂಗಿ,” ಎಂದಳು. “ಭಾನುವಾರ ಇಟ್ಟಷ್ಟೇ ಹೊತ್ತು ಇಟ್ಟಿದ್ದೇನೆ. ಒಂದಿಷ್ಟು ಕಿಲುಬು ಬಿಟ್ಟೀತು. ಹಾಲ್ ತುಂಬ ಜನ ಮಲಗುವಷ್ಟು ಅಲ್ಲ.”

“ನಿನಗೆ ವಾಂತಿ ಸ್ವಲ್ಪ ಹೊತ್ತು ಕಳೆದು ಬರ್ತದೆ ಮಗಾ. ಆಸ್ಪತ್ರೆಗೆ ಹೋಗುವ,” ಎಂದರು ವಸಂತಿ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

“ಅವತ್ತು ಕುಡಿದ ಕೂಡಲೇ ಬಂದಿತ್ತಲ್ಲ? ಕೂತುಕೊಳ್ಳಿ ಅಕ್ಕ. ನನಗೆ ಏನಾದ್ರೂ ಆದ್ರೆ ನನ್ನ ಕಂಪನಿಯೇ ವಿಮೆ ಕೊಡ್ತದೆ.”

ಅವಳು ದ್ವಾರಕನಾಥರ ಕಡೆ ತಿರುಗಿದಳು. ಪೂಜೆ ಮಾಡಿಸಿದವರು ಅವರೇ. ಮೈಸೂರಿನವರು, ಮಗ ಅನಿಕೇತ್‌ನ ಮನೆಗೆ ಬಂದು ಎರಡು ವರ್ಷವಾಗಿತ್ತು, ಮಡಿಯಲ್ಲಿ ಬಲು ಗಟ್ಟಿ. ಮೊಮ್ಮಗಳು ಹಿತಾ ಇನ್ನೂ ಆಸ್ಪತ್ರೆಯಲ್ಲಿದ್ದಳು. ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರೂ ಮನೆಗೆ ಕಳಿಸಿರಲಿಲ್ಲ.

“ನಿಮಗೂ ವಾಂತಿಯಾಯ್ತಲ್ಲ ಸರ್?”

“ಆಯ್ತು ಕಣಮ್ಮ. ಎಲ್ಲರಿಗಿಂತ ಮೊದಲು ನನಗೇ.”

“ಆದರೆ ನಿಮಗೆ ಡಯಾಬಿಟಿಸ್. ಪಂಚಾಮೃತ ಮುಟ್ಟುವುದಿಲ್ಲ.”

ಮುದುಕರು ಯೋಚಿಸಿದರು. “ಹೌದಲ್ಲ! ಮುಟ್ಟಲಿಲ್ಲ. ನಾನು ಆಚಮನ ಮಾಡಿದ್ದು, ತೀರ್ಥ ಅಂತ ತಗೊಂಡಿದ್ದು ಬರೀ ನೀರು. ಅದೂ ನನ್ನ ಪಂಚಪಾತ್ರೆಯಲ್ಲಿ.”

“ನಿಮ್ಮ ಪಂಚಪಾತ್ರೆ ಯಾವುದರದ್ದು?”

“ಬೆಳ್ಳೀದು. ನಮ್ಮ ತಾತನ ಕಾಲದ್ದು.”

ವಸಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅಂದರೆ ತಾಮ್ರ ಬಂದದ್ದು ತಂಬಿಗೆಯಿಂದ ಅಲ್ಲ, ನೀರಿನಿಂದ,” ಎಂದಳು ಭವ್ಯಶ್ರೀ. “ಪಂಚಾಮೃತಕ್ಕೆ ಕೊನೆಗೆ ಸೇರಿಸಿದ್ದೂ ಅದೇ ಅಭಿಷೇಕದ ನೀರು. ನೀರು ತಂದದ್ದು ಯಾರು? ಡಿಸ್ಪೆನ್ಸರಿನದ್ದಾ?”

ದ್ವಾರಕನಾಥರಿಗೆ ಅವಮಾನವಾದಂತಾಯಿತು. “ಡಿಸ್ಪೆನ್ಸರ್ ನೀರು ದೇವರಿಗಾ? ಎಷ್ಟು ದಿನದ ಹಿಂದೆ ತುಂಬಿದ್ದೋ, ಯಾರು ಯಾರು ಮುಟ್ಟಿದ್ದೋ. ಅಗ್ರೋದಕ ಆಗಬೇಕು ಕಣಮ್ಮ. ಬೆಳಗಿನ ಜಾವ, ಬೇರೆ ಯಾರೂ ನೀರು ಹಿಡಿಯೋಕೆ ಮೊದಲು, ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಹಿಡಿದ ನೀರು. ಊರಲ್ಲಾದರೆ ಬಾವಿ. ಇಲ್ಲಿ ಹಾಲ್ ಹಿಂದಿನ ನಲ್ಲಿ. ನಾನೇ ಹೋಗಿ ಮೊದಲ ಬಿಂದಿಗೆ ಹಿಡಿದೆ.”

ದುಬೈನಲ್ಲಿ ಕುಡಿಯುವುದಕ್ಕೆ ನಲ್ಲಿ ನೀರು ಹಿಡಿಯುವವರನ್ನು ದೀಪ ಹಿಡಿದು ಹುಡುಕಬೇಕು. ಬಡವನೂ ಕ್ಯಾನ್ ತರಿಸುತ್ತಾನೆ. ಆ ಬೆಳಗ್ಗೆ ಆ ನಲ್ಲಿಯ ಮೊದಲ ನೀರನ್ನು ಭಕ್ತಿಯಿಂದ ಹಿಡಿದು ಎಲ್ಲರ ಅಂಗೈಗೆ ಹಾಕುವ ಕೆಲಸವನ್ನು ನಮ್ಮವರೊಬ್ಬರೇ ಮಾಡಬಲ್ಲರು, ಮಾಡಿದ್ದರು.

“ನೀರು ಹೇಗಿತ್ತು ಸರ್?”

“ಚೂರು ನೀಲಿ ಛಾಯೆ ಇತ್ತು. ಬಿಂದಿಗೆ ಸ್ಟೀಲು, ಹೊಸದು, ಆಕಾಶದ ನೆರಳು ಬಿದ್ದಿರಬೇಕು ಅಂದುಕೊಂಡೆ.” ಅವರು ಎದ್ದು ನಿಂತರು. “ಹಿತಾಗೆ ಮೂರು ಉದ್ಧರಣೆ ತೀರ್ಥ ನಾನೇ ಹಾಕಿದೆ. ಸಾಕು ತಾತಾ, ಟೇಸ್ಟ್ ಈಸ್ ಬ್ಯಾಡ್ ಅಂತು ಮಗು. ದೇವರ ತೀರ್ಥಕ್ಕೆ ಹಾಗನ್ನಬಾರದು ಅಂತ ಗದರಿ ಕುಡಿಸಿದೆ.”

ಅವರು ಅತ್ತರು. ವಸಂತಿ ಎದ್ದು ಅವರಿಗೆ ನೀರು ಕೊಡಲು ಹೋಗಿ, ಎಲ್ಲಕ್ಕೂ ಕಾರಣ ನೀರೇ ಎಂದು ನೆನಪಾಗಿ ನಿಂತರು. ಕೊನೆಗೆ ಅನಿಕೇತ್ ಬಂದು ತಂದೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

“ತಿಲಕ್,” ಎಂದಳು ಭವ್ಯಶ್ರೀ, “ಹಾಲ್‌ಗೂ ಪಕ್ಕದ ಕೆಫೆಟೇರಿಯಕ್ಕೂ ಒಂದೇ ಪೈಪಲ್ಲವಾ?”

“ಹೌದು ಮೇಡಂ. ಹಳೇ ಬಿಲ್ಡಿಂಗ್. ತಾಮ್ರದ ಪೈಪು.”

“ನಿನ್ನ ಪ್ರೆಶರ್ ಗೇಜು ತಗೊಂಡು ಬಾ. ಕೆಳಗೆ ಹೋಗುವ.”

ತಿಲಕ್‌ನ ಕೆಲಸವೇ ಅದು. ಮನೆ, ಹೋಟೆಲು, ಲಾಂಡ್ರಿ, ಕ್ಲಿನಿಕ್ಕುಗಳಿಗೆ ಹೋಗಿ ಬ್ಯಾಕ್‌ಫ್ಲೋ ಪ್ರಿವೆಂಟರ್‌ಗಳನ್ನು ಪರೀಕ್ಷೆ ಮಾಡುವುದು, ಕೆಟ್ಟಿದ್ದರೆ ರಿಪೇರಿ ಮಾಡುವುದು. ಅಂಗೈಯಲ್ಲಿ ಹಿಡಿಯುವಷ್ಟು ಹಿತ್ತಾಳೆಯ ತುಂಡು ಅದು. ನೀರನ್ನು ಮುಂದೆ ಹೋಗಲು ಬಿಡುತ್ತದೆ, ಹಿಂದೆ ಬರಲು ಬಿಡುವುದಿಲ್ಲ. ಅದು ಸರಿಯಿದ್ದರೆ ಹೆಸರು ಕೇಳುವವರೂ ಇರುವುದಿಲ್ಲ.

* * *

ಕೆಫೆಟೇರಿಯದ ಅಬ್ದುಲ್ ರವೂಫ್ ಉಪ್ಪಿನಂಗಡಿಯವರು. ಚಹಾ, ಪರೋಟ, ಮತ್ತೆ ಈ ಬೇಸಿಗೆಯಿಂದ ಶುರು ಮಾಡಿದ ಲಿಂಬೆ ಸೋಡ. ಭವ್ಯಶ್ರೀ ಹೋದವಳೇ ಸೋಡ ಕೇಳಿದಳು.

“ಕೊಡುವ, ಕೊಡುವ. ಮೆಷಿನ್ ಸೋಮವಾರದಿಂದ ಫಸ್ಟ್ ಕ್ಲಾಸ್ ಉಂಟು,” ಎಂದರು ರವೂಫ್.

“ಅದಕ್ಕೆ ಮೊದಲು ಇರ್ಲಿಲ್ವಾ?”

ರವೂಫ್ ತಿಲಕ್‌ನ ಮುಖ ನೋಡಿದರು. ತಿಲಕ್ ಗೇಜಿನ ಪೆಟ್ಟಿಗೆ ತೆರೆಯುತ್ತಿದ್ದ.

ಸೋಡ ಮೆಷಿನ್ನನ್ನು ಗೋಡೆಯಿಂದ ಮುಂದಕ್ಕೆ ಎಳೆದರು. ಹಿಂದೆ ಬೂದು ಬಣ್ಣದ ಗ್ಯಾಸ್ ಸಿಲಿಂಡರ್ ನಿಂತಿತ್ತು. ಸೋಡಕ್ಕೆ ಗುಳ್ಳೆ ಕೊಡುವ ಗ್ಯಾಸ್. ಮೆಷಿನ್‌ಗೆ ನೀರು ಬರುವ ಪೈಪಿನಲ್ಲಿ, ಇರಬೇಕಾದ ಜಾಗದಲ್ಲೇ, ಆ ಹಿತ್ತಾಳೆಯ ತುಂಡು ಕೂತಿತ್ತು. ಅದಕ್ಕೆ ತಿಲಕ್‌ನ ಕಂಪನಿಯ ಹಸಿರು ಚೀಟಿ.

ತಿಲಕ್ ನೀರು ಕಟ್ಟಿದ, ಗೇಜಿನ ರಬ್ಬರ್ ನಳಿಗೆ ಸಿಕ್ಕಿಸಿದ, ಮುಳ್ಳನ್ನು ನೋಡುತ್ತ ನಿಂತ. ಮುಳ್ಳು ಏರಿ ಒಂದು ಕಡೆ ನಿಂತಿತು. ಕದಲಲಿಲ್ಲ.

“ಪಾಸ್ ಮೇಡಂ. ಒಂದು ಹನಿ ಹಿಂದೆ ಬರ್ಲಿಕ್ಕೆ ಸಾಧ್ಯ ಇಲ್ಲ.”

“ಇವತ್ತು ಸಾಧ್ಯ ಇಲ್ಲ,” ಎಂದಳು ಭವ್ಯಶ್ರೀ.

ಅವಳು ಬಗ್ಗಿ ಪೈಪಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಪರೋಟದ ಎಣ್ಣೆ ಹಿಡಿದ ಕಪ್ಪು ಮಸಿ ಮೆತ್ತಿಕೊಂಡಿತು. ಸಿಲಿಂಡರಿನ ಬೆನ್ನು, ಗೋಡೆ, ವಯರು, ಎಲ್ಲಕ್ಕೂ ಅದೇ ಮಸಿ. ಇನ್ನೊಂದು ಬೆರಳನ್ನು ಹಿತ್ತಾಳೆಯ ತುಂಡಿನ ಮೇಲೆ ಆಡಿಸಿದಳು. ಅದು ಮದುವೆಗೆ ಹೊರಟ ಹಾಗೆ ಥಳಥಳ ಹೊಳೆಯುತ್ತಿತ್ತು, ಬೆರಳಿಗೆ ಏನೂ ತಾಗಲಿಲ್ಲ.

“ಇದನ್ನು ಹಾಕಿದ್ದು ಯಾವಾಗ?”

“ಲಾಸ್ಟ್ ಟೆಸ್ಟಿನಲ್ಲಿ...”

“ತಿಲಕ್. ನಾನು ಪಂಚಾಮೃತ ಕುಡಿದಾಗ ನಿನ್ನ ಅಮ್ಮ ಕಿರುಚಿದರು. ದ್ವಾರಕನಾಥರು ದೇವರನ್ನು ಕರೆದರು. ನೀನು ಲೇಸು ಕಟ್ತಾ ಇದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಹಿಡಿಯುವುದು ಸುಲಭ. ನೀನು ಹೆಗಲು ಮುಟ್ಟಲೂ ಇಲ್ಲ. ತಂಬಿಗೆಯಲ್ಲಿ ವಿಷ ಇಲ್ಲ ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನಿನಗೊಬ್ಬನಿಗೇ.”

ತಿಲಕ್ ಗೇಜನ್ನು ಕೆಳಗಿಟ್ಟ. ಖಾಲಿ ಕ್ರೇಟಿನ ಮೇಲೆ ಕುಳಿತ.

“ಹೇಳು ಮಾರಾಯ, ಹೇಳಿ ಖಲಾಸ್ ಮಾಡು,” ಎಂದರು ರವೂಫ್ ಮೆಲ್ಲಗೆ. “ನನಗೂ ನಿದ್ದೆ ಬರುದಿಲ್ಲ.”

“ಗುರುವಾರ ಟೆಸ್ಟ್ ಮಾಡಿದೆ. ಫೇಲ್ ಆಯ್ತು,” ಎಂದ ತಿಲಕ್. “ಒಳಗೆ ಸುಣ್ಣ ಕಟ್ಟಿ ಸ್ಪ್ರಿಂಗ್ ಹಿಡಿದಿತ್ತು. ಬಿಚ್ಚಿದ್ರೆ ರಬ್ಬರೂ ಹರಿದುಹೋಯ್ತು. ಹೊಸದು ದುಬೈಯಲ್ಲಿ ಇಲ್ಲ, ಅಬುಧಾಬಿಯ ಅಲ್ ಮೀನಾ ಗೋಡೌನಿಂದ ಬರ್ಬೇಕು, ಸೋಮವಾರ ಅಂದ್ರು.”

“ಅಲ್ಲಿಯವರೆಗೆ ಲೈನ್ ಬಂದ್ ಮಾಡಬೇಕಿತ್ತಲ್ಲ.”

“ಮೆಷಿನ್ನಿಗೆ ಬೇರೆ ವಾಲ್ವ್ ಇಲ್ಲ. ಬಂದ್ ಮಾಡಿದ್ರೆ ಹಾಲ್‌ನಲ್ಲಿ ನೀರಿಲ್ಲ. ಭಾನುವಾರ ಪೂಜೆ. ಅಮ್ಮ ಒಂದು ತಿಂಗಳಿಂದ ಅದರದ್ದೇ ಮಾತು, ಅಪ್ಪನೂ ರುವೈಸಿನ ಕೆಲಸಕ್ಕೆ ರಜೆ ಹಾಕಿ ಬರ್ತೇನೆ ಅಂದಿದ್ರು. ಹಾಗೆ... ಆ ಜಾಗಕ್ಕೆ ಬರೀ ಪೈಪಿನ ತುಂಡು ಹಾಕಿದೆ. ಗ್ಯಾಸ್ ಸಿಲಿಂಡರ್ ಗಟ್ಟಿಯಾಗಿ ಮುಚ್ಚಿದೆ. ಸೋಮವಾರದವರೆಗೆ ಮುಟ್ಬೇಡಿ ಅಂತ ರವೂಫ್‌ಚ್ಚನಿಗೆ ಹೇಳಿದೆ.”

“ಹೇಳಿದ್ದು ಸತ್ಯ,” ಎಂದರು ರವೂಫ್.

“ಗ್ಯಾಸ್ ಮುಚ್ಚಿದ್ರೆ ಏನೂ ಆಗುದಿಲ್ಲ ಮೇಡಂ. ಗ್ಯಾಸಿಗೆ ಪ್ರೆಶರ್ ಇದ್ರೆ ಮಾತ್ರ ಅದು ನೀರನ್ನು ದೂಡಿ ಹಿಂದೆ ಬರ್ತದೆ. ತಾರಸಿಯ ಟ್ಯಾಂಕಿನ ನೀರಿಗೆ ಅದನ್ನು ತಡೆಯುವ ಜೋರು ಇಲ್ಲ. ಸೋಡ ನೀರು ತಾಮ್ರದ ಪೈಪಿನಲ್ಲಿ ರಾತ್ರಿಯಿಡೀ ನಿಂತರೆ ಪೈಪನ್ನೇ ತಿಂತದೆ. ಬೆಳಗ್ಗೆ ಮೊದಲು ಯಾರು ನಲ್ಲಿ ಬಿಡ್ತಾರೋ ಅವರ ಪಾತ್ರೆಗೆ...”

ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ. ಮೊದಲು ನಲ್ಲಿ ಬಿಟ್ಟವರು ಆಸ್ಪತ್ರೆಯಲ್ಲಿ ಮೊಮ್ಮಗಳ ಹಾಸಿಗೆಯ ಪಕ್ಕ ಕೂತಿದ್ದರು.

“ಮತ್ತೆ ಸೋಮವಾರ ಬಂದು ಸದ್ದಿಲ್ಲದೆ ಹೊಸದು ಹಾಕಿದೆ. ನಿನ್ನ ಅಮ್ಮ ನಾಳೆ ಸಹಿ ಹಾಕ್ತಾರೆ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ,” ಎಂದಳು ಭವ್ಯಶ್ರೀ.

“ಅಮ್ಮನ ಮಿಸ್ಟೇಕ್ ಅಂತ ಆದ್ರೆ ಫೈನಿನಲ್ಲಿ ಮುಗೀತದೆ ಅಂತ ಎಲ್ರೂ ಹೇಳಿದ್ರು. ನನ್ನದು ಅಂತ ಆದ್ರೆ ಕೆಲಸ ಹೋಗ್ತದೆ, ವೀಸಾ ಹೋಗ್ತದೆ, ಒಳಗೂ ಹಾಕ್ತಾರೆ. ನಾನು ಹೆದರಿದೆ ಮೇಡಂ.”

“ಹೆದರಿಕೆ ಯಾರಿಗಿಲ್ಲ?” ಭವ್ಯಶ್ರೀಯ ಧ್ವನಿ ಏರಲಿಲ್ಲ, ಆದರೆ ಮಾತಿನಲ್ಲಿ ಕರುಣೆಯಿರಲಿಲ್ಲ. “ಜನ ಬಾಯಿಗೆ ಬಂದ ಹಾಗೆ ಆಡಿದರಲ್ಲ ನಿನ್ನ ಅಮ್ಮನನ್ನು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನೀನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ನನಗೆ ನಿನ್ನ ಮೇಲೆ ಅಸಹ್ಯ ಬರ್ತಾ ಉಂಟು.”

ತಿಲಕ್ ತಲೆ ತಗ್ಗಿಸಿದ. ಭುಜಗಳು ಅಲುಗಿದವು. ಭವ್ಯಶ್ರೀಗೆ ಅಸಹ್ಯದ ಜೊತೆಗೆ ಮರುಕವೂ ಹುಟ್ಟಿತು. ಅದನ್ನು ತೋರಿಸಿಕೊಳ್ಳಲಿಲ್ಲ.

“ಗ್ಯಾಸ್ ನೀನು ಮುಚ್ಚಿದ್ದರೆ ಮತ್ತೆ ತೆರೆದದ್ದು ಯಾರು?” ಅವಳು ರವೂಫ್ ಕಡೆ ನೋಡಿದಳು.

“ಅಲ್ಲಾಣೆ, ನಾನಲ್ಲ,” ಎಂದರು ರವೂಫ್. “ಗುರುವಾರ ರಾತ್ರಿಯೇ ಬಂದ್ ಮಾಡಿ ಶಾರ್ಜಾಕ್ಕೆ ಹೋಗಿದ್ದೆ, ನಮ್ಮ ಸಂಬಂಧದ ಹುಡುಗಿ ಶಾಹಿನಳ ನಿಶ್ಚಿತಾರ್ಥ. ಭಾನುವಾರ ಮಧ್ಯಾಹ್ನ ಬಂದು ನೋಡ್ತೇನೆ, ಸಿಲಿಂಡರ್ ಓಪನ್ ಉಂಟು. ಚಹಾಕ್ಕೆ ಕಬ್ಬಿಣ ಕಚ್ಚಿದ ಹಾಗೆ ರುಚಿ. ಕೂಡಲೇ ಇವನಿಗೆ ಫೋನ್ ಮಾಡಿದೆ.”

“ಅಂಗಡಿಗೆ ಬೀಗ ಇತ್ತಲ್ಲ?”

“ಬೀಗ ಇತ್ತು.”

“ಬೀಗದ ಕೈ?”

ರವೂಫ್ ಕೌಂಟರಿನ ಮೇಲಿನ ಬಟ್ಟೆ ಎತ್ತಿಕೊಂಡು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ತಿಲಕ್‌ನ ಕಡೆ ನೋಡಲು ಅವರಿಗೆ ಆಗಲಿಲ್ಲ.

“ವಸಂತಿಯಕ್ಕನ ಹತ್ರ ಕೊಟ್ಟಿದ್ದೆ,” ಎಂದರು. “ಪ್ರಸಾದಕ್ಕೆ ರವೆ ಹುರಿಯಲಿಕ್ಕೆ ದೊಡ್ಡ ಒಲೆ ಬೇಕು ಅಂದ್ರು. ಶನಿವಾರ ಸಂಜೆ ಇಲ್ಲಿ ಅವರೊಬ್ಬರೇ ಇದ್ದದ್ದು.”

ತಿಲಕ್ ತಲೆ ಎತ್ತಿದ. ಇದು ಅವನಿಗೆ ಗೊತ್ತಿರಲಿಲ್ಲ, ಅಥವಾ ಹಾಗೆ ಕಂಡಿತು.

* * *

ಮುಸ್ಸಂಜೆಯ ಮಗ್ರಿಬ್ ಬಾಂಗು ಮುಗಿಯುವ ಹೊತ್ತಿಗೆ ಭವ್ಯಶ್ರೀ, ತಿಲಕ್ ಇಬ್ಬರೂ ಲಿಫ್ಟಿನಲ್ಲಿದ್ದರು. ವಸಂತಿ ಆ ಸಿಲಿಂಡರನ್ನು ಮುಟ್ಟಿಯೇ ಇಲ್ಲವೆಂದು ಹೇಳಲಿ ಎಂದು ಭವ್ಯಶ್ರೀ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ತನಿಖೆ ಮಾಡುವವರು ಇಂಥದ್ದೇ ನಡೆದಿರಲಿ ಎಂದು ಬೇಡಿಕೊಳ್ಳಬಾರದು. ಅವಳಿಗೂ ಅದು ಗೊತ್ತಿತ್ತು.

ಇನ್ನೊಂದು ನಿಯಮವನ್ನೂ ಅವಳು ಅಂದು ಮುರಿದಳು. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಕೇಳಬೇಕು. ಹೊಸಬರಿಗೆ ಅವಳೇ ಇದನ್ನು ಹೇಳಿಕೊಡುತ್ತಿದ್ದಳು. ಆದರೆ ವಸಂತಿ ಬಾಗಿಲು ತೆಗೆದು ಮಗನ ಮುಖ ನೋಡಿ “ಎಂತಾಯ್ತು ಮಗಾ?” ಎಂದಾಗ, ತಿಲಕ್ ಚಪ್ಪಲಿ ಗೂಡಿನ ಪಕ್ಕದಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳತೊಡಗಿದ. ಪೈಪಿನ ತುಂಡು, ಸೋಮವಾರದ ಹೊಸ ಪ್ರಿವೆಂಟರ್, ಮೂರು ದಿನ ಬಾಯಿ ಮುಚ್ಚಿ ಕೂತದ್ದು. ಭವ್ಯಶ್ರೀ ಅವನನ್ನು ತಡೆಯಬೇಕಿತ್ತು. ತಾಯಿಯ ಎದುರು ಅಳುತ್ತಿರುವ ಮಗನನ್ನು ತಡೆಯಲು ಮನಸ್ಸು ಬರಲಿಲ್ಲ.

“ಗ್ಯಾಸ್ ಮುಚ್ಚಿದ್ದೆ ಅಮ್ಮ,” ಎಂದ ತಿಲಕ್. “ಗ್ಯಾಸ್ ಒಂದು ತೆರೆಯದೆ ಇದ್ದಿದ್ರೆ ಯಾರಿಗೂ ಏನೂ ಆಗ್ತಿರ್ಲಿಲ್ಲ.”

ವಸಂತಿ ಮಗನ ತಲೆಯ ಮೇಲೆ ಕೈಯಿಟ್ಟರು. ಬೈಯಲಿಲ್ಲ. ಆಮೇಲೆ ಭವ್ಯಶ್ರೀಯ ಕಡೆ ತಿರುಗಿದರು.

“ತೆರೆದದ್ದು ನಾನು.”

“ಅಕ್ಕ, ಯೋಚಿಸಿ ಹೇಳಿ.”

“ಯೋಚಿಸುವುದು ಎಂತ ಉಂಟು? ಶನಿವಾರ ಒಲೆ ಹತ್ತಲಿಲ್ಲ. ಹಿಂದೆ ಒಂದು ಸಿಲಿಂಡರ್ ಕಾಣಿಸ್ತು, ತಿರುಗಿಸಿದೆ. ಆದರೂ ಹತ್ತಲಿಲ್ಲ. ಮತ್ತೆ ನೋಡಿದ್ರೆ ಒಲೆಯದ್ದು ಬೇರೆ, ಗೋಡೆಯಲ್ಲಿ ಉಂಟು. ಮೊದಲಿನದ್ದನ್ನು ಮುಚ್ಚಲಿಕ್ಕೆ ಮರ್ತೆ. ಮಗ ಮುಚ್ಚಿ ಹೋದದ್ದನ್ನು ನಾನು ತೆರೆದೆ. ಅವನದ್ದು ಎಂತ ತಪ್ಪು?”

ಮಾತು ಸಲೀಸಾಗಿ ಬಂತು. ನಿಜವೂ ಹೀಗೇ ಸಲೀಸಾಗಿ ಬರುತ್ತದೆ. ಮೂರು ದಿನ ತಪ್ಪೊಪ್ಪಿಕೊಳ್ಳುವುದನ್ನೇ ಅಭ್ಯಾಸ ಮಾಡಿದ ಬಾಯಿಯಿಂದ ಸುಳ್ಳೂ ಹೀಗೇ ಬಂದೀತು.

ತಿಲಕ್ ಎದ್ದು ನಿಂತ. ಕಣ್ಣು ಒರೆಸಿಕೊಂಡ. ಕೆಳಗೆ ಕ್ರೇಟಿನ ಮೇಲೆ ಕೂತಿದ್ದವನ ಮುಖ ಈಗ ಇರಲಿಲ್ಲ.

“ಅಮ್ಮ ಸುಳ್ಳು ಹೇಳ್ತಾ ಇದ್ದಾರೆ ಮೇಡಂ. ಕೆಳಗೆ ನಾನೂ ನಿಮ್ಮ ಹತ್ರ ಸುಳ್ಳು ಹೇಳಿದೆ. ಆ ಸಿಲಿಂಡರ್ ನಾನು ಮುಚ್ಚಿರ್ಲೇ ಇಲ್ಲ. ಮರ್ತು ಹೋಗಿದ್ದೆ.”

“ತಿಲಕಾ, ಸುಮ್ಮನಿರು!”

“ನೀವು ಸುಮ್ಮನಿರಿ ಅಮ್ಮ. ಇಷ್ಟು ದಿನ ಸುಮ್ಮನಿದ್ದದ್ದು ಸಾಕು.”

ಸಿಲಿಂಡರ್ ಭಾನುವಾರ ತೆರೆದಿತ್ತು ಎನ್ನುವುದೊಂದೇ ರವೂಫ್‌ಗೆ ಗೊತ್ತಿದ್ದದ್ದು. ಗುರುವಾರ ಅದು ಮುಚ್ಚಿತ್ತೋ ಇಲ್ಲವೋ ಎಂದು ಅವರೂ ನೋಡಿರಲಿಲ್ಲ. ನೋಡಿದವರು ಈ ಇಬ್ಬರೇ. ಒಬ್ಬರು ಇನ್ನೊಬ್ಬರನ್ನು ಉಳಿಸಲು ಸುಳ್ಳು ಹೇಳುತ್ತಿದ್ದರು, ಮತ್ತು ಟಿಪ್ಪಣಿ ಪುಸ್ತಕ ತೆರೆದು ಪೆನ್ನು ಹಿಡಿದಿದ್ದ ಭವ್ಯಶ್ರೀಗೆ ಮೊದಲ ಬಾರಿಗೆ ಅದು ಯಾರೆಂದು ಕಾಣಲಿಲ್ಲ.

“ಬರೆದುಕೋ ಮಗಾ,” ಎಂದರು ವಸಂತಿ. “ನನ್ನ ಹೆಸರು ಬರಿ. ನಾಳೆಗೆ ಹೇಗೂ ನನ್ನನ್ನೇ ಕರೆದಿದ್ದಾರೆ.”

ತಿಲಕ್ ಮುಂದೆ ಬಂದು, ಅಲ್ಲಿ ತನ್ನ ಹೆಸರು ಬರೆಯಲು ಭವ್ಯಶ್ರೀಯ ಕೈಯಿಂದ ಪೆನ್ನು ಕಿತ್ತುಕೊಂಡ.